ಕುರ್ಚಿಯ ಮೇಲಿನ ಬೆಕ್ಕೂ ಕೆಂಪು ಬಂದ ಪ್ರಬಂಧವೂ

ಸಾಹಿತ್ಯ ಪಾಠ ಮಾಡುವವರು ಶಾಂತ ಸ್ವಭಾವದವರು ಎಂಬ ನಂಬಿಕೆಯೊಂದು ಜನರಲ್ಲಿದೆ. ಗಣಿತದ ಮೇಷ್ಟ್ರು ಸಿಡುಕುತ್ತಾರೆ, ಪಿ.ಟಿ. ಮೇಷ್ಟ್ರು ಗದರುತ್ತಾರೆ, ಆದರೆ ಕಥೆ ಕವಿತೆ ಹೇಳಿಕೊಡುವ ಟೀಚರು ಮಾತ್ರ ಕಿಟಕಿಯ ಹೊರಗೆ ನೋಡುತ್ತಾ ಮೆಲ್ಲಗೆ ನಗುತ್ತಿರುತ್ತಾರೆ ಎಂದು ಎಲ್ಲರೂ ತಿಳಿದುಕೊಂಡಿದ್ದಾರೆ. ಇದನ್ನು ಮೊದಲು ಹೇಳಿದವರು ಯಾರೋ ಗೊತ್ತಿಲ್ಲ. ಅವರು ಒಂದು ಕಂತೆ ಉತ್ತರಪತ್ರಿಕೆ ತಿದ್ದಿದವರಲ್ಲ ಎಂಬುದು ಮಾತ್ರ ಖಂಡಿತ. ನನ್ನ ವಿಷಯ ಹೇಳುವುದಾದರೆ, ನನಗೆ ಸಿಟ್ಟು ಬೆಳಗಿನ ಕಾಫಿಯ ಜೊತೆಗೇ ಶುರುವಾಗುತ್ತದೆ. ಬಿ.ಸಿ.ರೋಡಿನಲ್ಲಿ ಕನ್ನಡಕದ ಅಂಗಡಿ ಇಟ್ಟುಕೊಂಡಿರುವ ನನ್ನ ಗಂಡ ಇದಕ್ಕೆ ಎಷ್ಟು ಒಗ್ಗಿಹೋಗಿದ್ದಾರೆಂದರೆ, ಅಪ್ಪಿತಪ್ಪಿ ಒಂದು ದಿನ ನಾನು ಸುಮ್ಮನಿದ್ದರೆ ಹಣೆ ಮುಟ್ಟಿ ನೋಡುತ್ತಾರೆ. "ಎಂತ ಮಾರಾಯ್ತಿ, ಜ್ವರ ಉಂಟಾ?" ಎಂದು ಕೇಳುತ್ತಾರೆ. ಜ್ವರ ಇರುವುದಿಲ್ಲ. ಆದರೆ ಆ ಪ್ರಶ್ನೆಗೇ ಸಿಟ್ಟು ಬಂದು ಎಲ್ಲವೂ ಮಾಮೂಲಿಗೆ ಮರಳುತ್ತದೆ.

ನಾನು ಕೆಲಸ ಮಾಡುವ ಶಾಲೆ ಮೂಡುಬಿದಿರೆಯಲ್ಲಿದೆ. ಹೆಸರು ಬೇಡ. ಆ ಊರಿನಲ್ಲಿ ಬೆಳಗಿನ ಹೊತ್ತು ರಸ್ತೆಗೆ ಇಳಿದರೆ ಮನುಷ್ಯರಿಗಿಂತ ಶಾಲಾ ವಾಹನಗಳೇ ಹೆಚ್ಚು ಕಾಣುತ್ತವೆ. ಆ ವಾಹನಗಳಲ್ಲಿ ಸಣ್ಣದೊಂದು ನಮ್ಮದು. ಬಹಳ ವರ್ಷಗಳಿಂದ ನಾನು ಅಲ್ಲಿ ಇಂಗ್ಲಿಷ್ ವ್ಯಾಕರಣ ಹೇಳಿಕೊಡುತ್ತಾ ಬಂದವಳು. ಕಳೆದ ವರ್ಷ ನಮ್ಮ ಸಂಚಾಲಕರು ಬೆಂಗಳೂರಿನ ಯಾವುದೋ ದೊಡ್ಡ ಶಾಲೆಯನ್ನು ನೋಡಿ ಬಂದರು. ನೋಡಿ ಬಂದವರು ಸುಮ್ಮನೆ ಕೂರಲಿಲ್ಲ. ಹನ್ನೊಂದನೆಯ ತರಗತಿಯಲ್ಲಿ ಚುರುಕಾದ ಮಕ್ಕಳನ್ನು ಆರಿಸಿ 'ಅಡ್ವಾನ್ಸ್‌ಡ್ ಕ್ಲಾಸ್' ಎಂದು ಒಂದನ್ನು ಮಾಡಿದರು. ಅದರ ಮೇಲ್ವಿಚಾರಣೆಗೆ ಬೆಂಗಳೂರಿನಿಂದಲೇ ಒಬ್ಬ ಕೋ-ಆರ್ಡಿನೇಟರನ್ನು ಕರೆಸಿದರು. ಟೈ ಕಟ್ಟಿದ, ಮೃದುವಾಗಿ ಮಾತನಾಡುವ, ನನ್ನ ಮಗನ ವಯಸ್ಸಿನ ಯುವಕ. ಆ ತರಗತಿಗೆ ಇಟ್ಟ ಹೊಸ ಪಠ್ಯದ ಹೆಸರು 'ವಿಶ್ವ ಸಾಹಿತ್ಯ ಮತ್ತು ಪ್ರಬಂಧ ರಚನೆ'. ಸಂಚಾಲಕರು ವರಾಂಡದಲ್ಲಿ ಎದುರು ಸಿಕ್ಕಿದಾಗ, "ಮೇಡಂ, ಈ ವರ್ಷ ವಿಶ್ವ ಸಾಹಿತ್ಯ ನಿಮಗೆ" ಎಂದರು. ಸ್ಟೋರ್ ರೂಮಿನ ಬೀಗದ ಕೈ ಕೊಡುವವರ ಹಾಗೆ ಹೇಳಿದರು. ಆದರೂ ಒಳಗೊಳಗೆ ನನಗೆ ಎಷ್ಟು ಖುಷಿಯಾಯಿತೆಂದರೆ, ಅವತ್ತು ಇಡೀ ದಿನ ಯಾರಿಗೂ ಬೈಯಲಿಲ್ಲ. ಗಂಡ ಮತ್ತೆ ಹಣೆ ಮುಟ್ಟಿ ನೋಡಿದರು.

ಖುಷಿ ಒಂದು ತಿಂಗಳು ಬಾಳಿತು. ಆಮೇಲೆ ಕೋ-ಆರ್ಡಿನೇಟರ್ ಪ್ರಬಂಧದ 'ಫಾರ್ಮ್ಯಾಟ್' ತಂದರು. ಮೊದಲು ಪೀಠಿಕೆ, ಆಮೇಲೆ ಮೂರು ಅಂಶ, ಕೊನೆಗೆ ಸಮಾರೋಪ. ನಮ್ಮ ಹಾಸ್ಟೆಲಿನ ಊಟದ ತಟ್ಟೆಯಲ್ಲಿ ಗುಳಿಗಳಿರುತ್ತವಲ್ಲ, ಅನ್ನಕ್ಕೊಂದು, ಸಾರಿಗೊಂದು, ಪಲ್ಯಕ್ಕೊಂದು, ಹಾಗೆ. ಜಗತ್ತಿನ ಯಾವ ಮೂಲೆಯ ಕಥೆಯಾದರೂ ಸರಿ, ಈ ಗುಳಿಗಳಲ್ಲಿ ಬಡಿಸಿದರೆ ಮಾತ್ರ ಅಂಕ. "ಮೇಡಂ, ನೀವೇ ಒಂದು ಮಾದರಿ ಪ್ರಬಂಧ ಬರ್ಕೊಡಿ, ಮಕ್ಕಳಿಗೆ ಹೆಲ್ಪ್ ಆಗುತ್ತೆ" ಎಂದರು. ನಾನು ಒಂದು ವಾರ ಕೂತು, ಅಳಿಸಿ ಬರೆದು, ಮೌನದ ಬಗ್ಗೆ ಒಂದು ಇಂಗ್ಲಿಷ್ ಪ್ರಬಂಧ ಬರೆದೆ. ಗಂಡನಿಗೆ ತೋರಿಸಿದಾಗ ಅವರು ಶೀರ್ಷಿಕೆಯನ್ನು ಎರಡು ಸಲ ಓದಿ, "ಮೌನದ ಬಗ್ಗೆ ನೀನಾ?" ಎಂದು ಕೇಳಿ, ಮುಂದಿನದನ್ನು ಓದದೆ ನಗುತ್ತಾ ಅಂಗಡಿಗೆ ಹೋದರು. ಕೋ-ಆರ್ಡಿನೇಟರಿಗೆ ಮಾತ್ರ ಅದು ಬಹಳ ಹಿಡಿಸಿತು. ಲ್ಯಾಮಿನೇಷನ್ ಮಾಡಿಸಿ ನೋಟಿಸ್ ಬೋರ್ಡಿಗೆ ಹಾಕಿದರು. ಅದರ ಮುಂದೆ ಹಾದುಹೋಗುವಾಗಲೆಲ್ಲ ನನ್ನ ನಡಿಗೆ ಸ್ವಲ್ಪ ನಿಧಾನವಾಗುತ್ತಿತ್ತು ಎಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಇನ್ನು ಬೆಕ್ಕಿನ ವಿಷಯಕ್ಕೆ ಬರುತ್ತೇನೆ. ನಮ್ಮ ಪಠ್ಯದಲ್ಲಿ ಯಾವುದೋ ಚಳಿದೇಶದ ಒಂದು ಸಣ್ಣ ಕಥೆ ಇತ್ತು. ಹಡಗಿನ ಕೆಲಸಕ್ಕೆ ಹೋದವನೊಬ್ಬ ವರ್ಷಗಳ ಮೇಲೆ ಮನೆಗೆ ಬರುತ್ತಾನೆ. ಊಟದ ಮೇಜಿನ ಬಳಿ ಅವನು ಕೂರುತ್ತಿದ್ದ ಕುರ್ಚಿಯಲ್ಲಿ ಒಂದು ಬೆಕ್ಕು ಮಲಗಿರುತ್ತದೆ. ಅವನು ಹೋಗುವಾಗ ಆ ಬೆಕ್ಕು ಮನೆಯಲ್ಲಿರಲಿಲ್ಲ. ಹೆಂಡತಿ ಅಡುಗೆಮನೆಯಿಂದ ನೋಡುತ್ತಾಳೆ, ಮಕ್ಕಳು ಬಾಗಿಲಿನಿಂದ ನೋಡುತ್ತಾರೆ. ಅವನು ಬೆಕ್ಕನ್ನು ಎಬ್ಬಿಸದೆ ನೆಲದ ಮೇಲೆ ಕೂರುತ್ತಾನೆ. ಕಥೆ ಅಷ್ಟೇ. ತರಗತಿಯಲ್ಲಿ ಓದಿ ಹೇಳಿದೆ. ಇದರ ಬಗ್ಗೆ ಪ್ರಬಂಧ ಬರೆದು ತನ್ನಿ ಎಂದೆ. ತಂದರು. ಭಾನುವಾರ ಮನೆಯಲ್ಲಿ ಕೂತು ಮೊದಲನೆಯದನ್ನು ತೆರೆದೆ. 'ಈ ಕಥೆಯಲ್ಲಿ ಬೆಕ್ಕು ಮಾನವನ ಅನಂತ ಒಂಟಿತನದ ಸಂಕೇತವಾಗಿದೆ' ಎಂದಿತ್ತು. ಪರವಾಗಿಲ್ಲ, ಹುಡುಗ ಯೋಚಿಸಿದ್ದಾನೆ ಅಂದುಕೊಂಡೆ. ಎರಡನೆಯದರಲ್ಲೂ ಅನಂತ ಒಂಟಿತನ. ಮೂರನೆಯದರಲ್ಲಿ ಒಂಟಿತನ ಅನಂತವಾಗಿರದೆ ಅಸೀಮವಾಗಿತ್ತು. ಸಂಜೆಯಾಗುವಾಗ ನನ್ನ ಮೇಜಿನ ಮೇಲೆ ಒಂದು ರಾಶಿ ಬೆಕ್ಕುಗಳು ಒಂಟಿಯಾಗಿ ಬಿದ್ದಿದ್ದವು.

ಇದು ಮೊಬೈಲಿನ ಕೆಲಸ ಎಂದು ತಿಳಿಯಲು ಜ್ಯೋತಿಷ್ಯ ಬೇಕಾಗಿರಲಿಲ್ಲ. ಒಂದು ಮೆಷಿನಿನಲ್ಲಿ ಪ್ರಬಂಧ ಬರೆಸುತ್ತಾರೆ. ಸಿಕ್ಕಿಬೀಳಬಾರದೆಂದು ಇನ್ನೊಂದು ಮೆಷಿನಿಗೆ ಕೊಟ್ಟು ಅದರಲ್ಲಿ ನಾಲ್ಕು ತಪ್ಪು ಹಾಕಿಸುತ್ತಾರೆ. ನನಗೆ ಹೆಚ್ಚು ಸಿಟ್ಟು ಬಂದದ್ದು ಆ ತಪ್ಪುಗಳ ಬಗ್ಗೆ. ಆಯುಷ್ಯವಿಡೀ ಮಕ್ಕಳ ತಪ್ಪು ತಿದ್ದಿದವಳಿಗೆ ತಪ್ಪಿನ ಜಾತಕವೇ ಗೊತ್ತಿರುತ್ತದೆ. 'ನಾನು ಇಬ್ಬರು ಅಣ್ಣಂದಿರನ್ನು ಹೊಂದುತ್ತಾ ಇದ್ದೇನೆ' ಎಂಬ ಅರ್ಥದ ಇಂಗ್ಲಿಷನ್ನು ಬರೆಯಲು ಮನುಷ್ಯನೇ ಬೇಕು, ಅದೂ ನಮ್ಮ ಕಡೆಯವನೇ ಆಗಬೇಕು. ಈ ಪ್ರಬಂಧಗಳ ತಪ್ಪುಗಳು ನಮ್ಮ ಕಡೆಯವಲ್ಲ. ಮರುದಿನ ತರಗತಿಗೆ ಹೋದವಳೇ, "ಕಥೆಯ ಬೆಕ್ಕಿನ ಬಣ್ಣ ಯಾವುದು?" ಎಂದು ಕೇಳಿದೆ. ಕಥೆಯಲ್ಲಿ ಬಣ್ಣದ ಮಾತೇ ಇಲ್ಲ. ನೆರಿಯ ಊರಿನ ಒಬ್ಬ ಹುಡುಗ ಎದ್ದು ನಿಂತು, "ಬಿಳಿ ಮೇಡಂ. ಶಾಂತಿಯ ಸಂಕೇತ" ಎಂದ. ನಾನು ಅವತ್ತು ಮಾಡಿದ ಭಾಷಣ ಪಕ್ಕದ ಕೆಮಿಸ್ಟ್ರಿ ಲ್ಯಾಬಿಗೂ ಕೇಳಿಸಿತಂತೆ.

ಆ ರಾಶಿಯಲ್ಲಿ ಒಂದು ಮಾತ್ರ ಬೇರೆಯಾಗಿತ್ತು. ಬರೆದವಳು ಅಫ್ರೀನಾ. ಕಕ್ಕಿಂಜೆಯ ಹುಡುಗಿ, ನಮ್ಮ ಹಾಸ್ಟೆಲಿನಲ್ಲಿ ಇರುವವಳು. ಅವಳ ತಂದೆ ಗಲ್ಫಿನಲ್ಲಿ ಕೆಲಸಕ್ಕಿದ್ದಾರೆ, ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಬರುತ್ತಾರೆ. ಸಣ್ಣ ಸಣ್ಣ ವಾಕ್ಯಗಳ ಸಾದಾ ಇಂಗ್ಲಿಷಿನಲ್ಲಿ ಅವಳು ಬರೆದದ್ದು ಹೀಗಿತ್ತು: 'ಈ ಕಥೆ ಬರೆದವರ ಮೇಲೆ ನನಗೆ ಸಿಟ್ಟಿದೆ. ಅವರು ಮೊದಲ ದಿನಕ್ಕೇ ಕಥೆ ಮುಗಿಸಿ ಹೋಗಿದ್ದಾರೆ. ಮೊದಲ ದಿನ ಎಲ್ಲರೂ ಒಳ್ಳೆಯವರೇ. ನನ್ನ ಅಪ್ಪ ಬಂದ ಮೊದಲ ವಾರ ಚಮಚ ಎಲ್ಲಿ ಇಟ್ಟಿದ್ದೀರಿ ಎಂದು ನೆಂಟರ ಹಾಗೆ ಕೇಳುತ್ತಾರೆ. ಎರಡನೆಯ ವಾರ ಚಮಚವನ್ನು ಯಾಕೆ ಅಲ್ಲಿ ಇಟ್ಟಿದ್ದೀರಿ ಎಂದು ಕೇಳುತ್ತಾರೆ. ಆಮೇಲೆ ಒಂದು ದಿನ ಅಡುಗೆಮನೆಯ ಡಬ್ಬಗಳನ್ನೆಲ್ಲ ಅವರೇ ಬದಲಿಸಿ ಇಡುತ್ತಾರೆ. ಉಮ್ಮ ಕ್ಯಾಲೆಂಡರ್ ನೋಡುತ್ತಾರೆ. ಅಪ್ಪ ಹೋದ ದಿನ ಉಮ್ಮ ಅಳುತ್ತಾ ಅಳುತ್ತಾ ಡಬ್ಬಗಳನ್ನು ಮೊದಲಿನ ಜಾಗಕ್ಕೆ ಇಡುತ್ತಾರೆ. ಒಂದನ್ನು ಮಾತ್ರ ಅಪ್ಪ ಇಟ್ಟಲ್ಲೇ ಬಿಡುತ್ತಾರೆ. ಬೆಕ್ಕು ಯಾವುದರ ಸಂಕೇತ ಎಂದು ನನಗೆ ಗೊತ್ತಿಲ್ಲ. ಬೆಕ್ಕಿಗೆ ಕುರ್ಚಿ ಬೇಕಿತ್ತು, ಅಷ್ಟೇ.'

ನಾನು ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದೆ. ಪೂರ್ತಿ ಅಂಕ ಹಾಕಿದೆ. ಪೀಠಿಕೆ ಇರಲಿಲ್ಲ, ಮೂರು ಅಂಶ ಇರಲಿಲ್ಲ, ಸಮಾರೋಪ ಬೆಕ್ಕಿನ ಪಾಲಾಗಿತ್ತು. ಇರಲಿ ಎಂದೆ.

ಆದರೆ ನನ್ನ ಅಂಕಕ್ಕೆ ಬೆಲೆ ಬರುವ ಮೊದಲು ಪ್ರಬಂಧಗಳೆಲ್ಲ ಕೋ-ಆರ್ಡಿನೇಟರ್ ಬಳಿ ಹೋಗಬೇಕಿತ್ತು. ಅವರ ಕಂಪ್ಯೂಟರಿನಲ್ಲಿ ಒಂದು ಹೊಸ ಸಾಫ್ಟ್‌ವೇರ್ ಇತ್ತು. ಪ್ರಬಂಧವನ್ನು ಅದಕ್ಕೆ ಹಾಕಿದರೆ ಬರೆದದ್ದು ಮನುಷ್ಯನೋ ಮೆಷಿನೋ ಎಂದು ಹೇಳುತ್ತದಂತೆ. ಮನುಷ್ಯನಾದರೆ ಹಸಿರು, ಮೆಷಿನಾದರೆ ಕೆಂಪು. ಮರುದಿನ ಅವರು ನನ್ನನ್ನು ಕರೆದು ಪರದೆ ತೋರಿಸಿದರು. ನಾಲ್ಕು ತಪ್ಪು ಹಾಕಿಸಿಕೊಂಡ ಒಂಟಿ ಬೆಕ್ಕುಗಳೆಲ್ಲ ಹಚ್ಚಹಸಿರಾಗಿ ನಿಂತಿದ್ದವು. ಅಫ್ರೀನಾ ಒಬ್ಬಳೇ ಕೆಂಪು.

"ಇದು ತಪ್ಪು" ಎಂದೆ.

"ಸಾಫ್ಟ್‌ವೇರಿಗೆ ಪಕ್ಷಪಾತ ಇರಲ್ಲ ಮೇಡಂ" ಎಂದರು ಆತ ಮೃದುವಾಗಿ. "ಇಷ್ಟು ಸರಳವಾದ ವಾಕ್ಯ ಮೆಷಿನೇ ಬರೆಯೋದು. ರೂಲ್ಸ್ ಪ್ರಕಾರ ಅವಳನ್ನ ಅಡ್ವಾನ್ಸ್‌ಡ್ ಕ್ಲಾಸಿಂದ ತೆಗೀಬೇಕಾಗುತ್ತೆ. ಪೇರೆಂಟ್ಸ್‌ಗೆ ಫೋನ್ ಮಾಡಿ ಬರೋಕೆ ಹೇಳಿದ್ದೀನಿ."

ಸಿಟ್ಟಿನಲ್ಲಿ ಎಷ್ಟೋ ಬಗೆ. ಹಾಲು ಉಕ್ಕಿದ ಹಾಗೆ ಬಂದು ಹೋಗುವುದು ಒಂದು. ಅದು ನನಗೆ ದಿನನಿತ್ಯದ್ದು. ಇದು ಹಾಗಿರಲಿಲ್ಲ. ದನಿ ಸಣ್ಣದಾಯಿತು. ಸುಳ್ಳು ಹೇಳಿದ ಮಕ್ಕಳೆಲ್ಲ ಹಸಿರಿನಲ್ಲಿ ಕೂತಿದ್ದಾರೆ, ತನ್ನ ಮನೆಯ ಡಬ್ಬಗಳನ್ನು ತೆರೆದು ತೋರಿಸಿದ ಹುಡುಗಿ ಕಳ್ಳಿಯಾಗಿದ್ದಾಳೆ. ಎಲ್ಲಕ್ಕಿಂತ ಹೆಚ್ಚಾಗಿ, ಆ ಪ್ರಬಂಧವನ್ನು ಈ ಮನುಷ್ಯ ಓದಿಯೇ ಇರಲಿಲ್ಲ. ಓದಿದಿರಾ ಎಂದು ಕೇಳಿದ್ದಕ್ಕೆ, "ಸ್ಕ್ಯಾನ್ ಮಾಡಿದೀನಿ ಮೇಡಂ" ಎಂದರು. ಸಂಜೆ ಮನೆಗೆ ಹೋಗುವ ಬಸ್ಸಿನಲ್ಲಿ ಸಿದ್ಧಕಟ್ಟೆ ದಾಟುವವರೆಗೂ ನಾನು ಮನಸ್ಸಿನಲ್ಲೇ ಅವರಿಗೆ ಉತ್ತರ ಕೊಡುತ್ತಿದ್ದೆ. ತುಟಿ ಆಡುತ್ತಿತ್ತೋ ಏನೋ, ಪಕ್ಕದಲ್ಲಿ ಕೂತಿದ್ದ ಹೆಂಗಸು ಎದ್ದು ಬೇರೆ ಸೀಟಿಗೆ ಹೋದರು.

ಎರಡು ದಿನ ಕಳೆದು ಅಫ್ರೀನಾಳ ತಾಯಿ ಬಂದರು. ಕಕ್ಕಿಂಜೆಯಿಂದ ಹೊರಟು, ಬೆಳ್ತಂಗಡಿಯಲ್ಲಿ ಬಸ್ಸು ಬದಲಿಸಿ, ವೇಣೂರಿನ ದಾರಿಯಾಗಿ ಬಂದ ಅವರು ಸಂಚಾಲಕರ ಕೋಣೆಯಲ್ಲಿ ನೀರು ಸಹ ಕುಡಿಯದೆ ನೆಟ್ಟಗೆ ಕೂತರು. ಪಕ್ಕದಲ್ಲಿ ಅಫ್ರೀನಾ ತುಟಿ ಬಿಗಿದು ನಿಂತಿದ್ದಳು. ಸಂಚಾಲಕರು ಮೇಜಿನ ಹಿಂದೆ, ಕೋ-ಆರ್ಡಿನೇಟರ್ ಲ್ಯಾಪ್‌ಟಾಪಿನ ಹಿಂದೆ. "ನನ್ನ ಮಗಳು ಎಂತ ಕದ್ದದ್ದು?" ಎಂದು ಆ ತಾಯಿ ತುಳುವಿನಲ್ಲಿ ಕೇಳಿದರು. ಪ್ರಬಂಧ ಇಂಗ್ಲಿಷಿನಲ್ಲಿತ್ತು, ನಾನು ಅದನ್ನು ಒಂದೊಂದೇ ವಾಕ್ಯ ತುಳುವಿನಲ್ಲಿ ಹೇಳಿದೆ. ಸಂಚಾಲಕರು, ತುಳು ಬಾರದ ಕೋ-ಆರ್ಡಿನೇಟರಿಗಾಗಿ, ನಡುನಡುವೆ ಕನ್ನಡದಲ್ಲಿ ವಿವರಿಸಿದರು. ಚಳಿದೇಶದ ಕಥೆ ಇಂಗ್ಲಿಷಿಗೆ ಬಂದು, ಕಕ್ಕಿಂಜೆಯ ಅಡುಗೆಮನೆ ಹೊಕ್ಕು, ತುಳುವಾಗಿ, ಕನ್ನಡವಾಗಿ ಬೆಂಗಳೂರಿನವರ ಕಿವಿಗೆ ಬಿತ್ತು. ನಮ್ಮ ಶಾಲೆಯಲ್ಲಿ ವಿಶ್ವ ಸಾಹಿತ್ಯ ನಿಜವಾಗಿ ನಡೆದದ್ದು ಆ ಹತ್ತು ನಿಮಿಷ ಮಾತ್ರ.

ಡಬ್ಬಗಳ ವಿಷಯ ಬಂದಾಗ ಆ ತಾಯಿಯ ಮುಖ ಕೆಂಪಾಯಿತು. ಮುಗಿದ ಮೇಲೆ ಅವರು ಮಗಳನ್ನೊಮ್ಮೆ ನೋಡಿದರು. ಆಮೇಲೆ ಕೋ-ಆರ್ಡಿನೇಟರ್ ಕಡೆಗೆ ತಿರುಗಿ ಕನ್ನಡದಲ್ಲೇ ಹೇಳಿದರು: "ಇದು ಮೆಷಿನ್ ಬರೆದದ್ದು ಹೌದಾದರೆ, ಆ ಮೆಷಿನ್ ನಮ್ಮ ಅಡುಗೆಮನೆಯಲ್ಲಿ ಎಲ್ಲಿ ಕೂತಿತ್ತು, ಅದನ್ನು ಹೇಳಿ." ಹಾಗೆ ಹೇಳಿ ಮಗಳ ಕಡೆಗೆ, "ಕ್ಯಾಲೆಂಡರ್ ನೋಡಿದ್ದು ಗ್ಯಾಸ್ ಬುಕ್ ಮಾಡ್ಲಿಕ್ಕೆ. ಮನೆಗೆ ಬಾ, ನಿನಗುಂಟು" ಎಂದರು.

ಇಷ್ಟಕ್ಕೆ ಮುಗಿಯಬೇಕಿತ್ತು. ಆದರೆ ಕೋ-ಆರ್ಡಿನೇಟರ್ ಬಿಡಲಿಲ್ಲ. ಮನೆಯ ವಿವರಗಳನ್ನು ಕೊಟ್ಟರೆ ಮೆಷಿನ್ ಅದನ್ನೂ ಸೇರಿಸಿ ಬರೆಯುತ್ತದೆ ಎಂದರು. ಸಂಚಾಲಕರು ಗಲ್ಲ ಕೆರೆದುಕೊಂಡು, "ಹಾಗಾದರೆ ಒಂದು ಕೆಲಸ ಮಾಡುವ. ಇವಳು ಇಲ್ಲಿಯೇ ಕೂತು ನಮ್ಮೆದುರು ಒಂದು ಪ್ರಬಂಧ ಬರೆಯಲಿ" ಎಂದರು.

"ಬರೆಯುವುದಿಲ್ಲ ಸರ್" ಎಂದಳು ಅಫ್ರೀನಾ. ಅಷ್ಟು ಹೊತ್ತಿನಲ್ಲಿ ಅವಳು ಆಡಿದ ಮೊದಲ ಮಾತು ಅದು. "ನಾನೊಬ್ಬಳೇ ಯಾಕೆ? ಹಸಿರು ಬಂದವರೂ ಬರೆಯಲಿ. ಅವರನ್ನೂ ಕರೆಯಿರಿ, ಆಗ ಬರೆಯುತ್ತೇನೆ."

ನನಗೆ ಅವಳ ಮೇಲೂ ಸಿಟ್ಟು ಬಂತು. ನಾಲ್ಕು ಸಾಲು ಗೀಚಿ ಬಚಾವಾಗಬಾರದೇ ಇವಳು? ಅದೇ ಕ್ಷಣಕ್ಕೆ, ಅವಳ ಜಾಗದಲ್ಲಿ ನಾನಿದ್ದರೂ ಇದನ್ನೇ ಹೇಳುತ್ತಿದ್ದೆ ಎಂದು ಹೊಳೆದು ಇನ್ನಷ್ಟು ಸಿಟ್ಟು ಬಂತು. ಅವಳ ತಾಯಿ ಮಗಳ ಕೈ ಹಿಡಿದು ಎದ್ದರು. "ಬೇಡ. ಇವಳು ಬೇರೆ ಕ್ಲಾಸಿನಲ್ಲಿಯೇ ಓದಲಿ. ಕಳ್ಳಿ ಅಂತ ಹೇಳಿಸಿಕೊಂಡು ದೊಡ್ಡ ಕ್ಲಾಸಿನಲ್ಲಿ ಕೂರುವುದು ಬೇಡ." ಅವರು ಬಾಗಿಲಿನವರೆಗೆ ಹೋಗಿಬಿಟ್ಟಿದ್ದರು. ಅಫ್ರೀನಾ ತಿರುಗಿ ನನ್ನನ್ನು ನೋಡಿದಳು. ಆ ನೋಟದಲ್ಲಿ ಸಹಾಯದ ಬೇಡಿಕೆ ಇರಲಿಲ್ಲ. ನೀವು ಇಷ್ಟೆಯಾ ಎಂಬ ಪ್ರಶ್ನೆ ಇತ್ತು.

ಒಂದು ನಿಮಿಷ ನಿಲ್ಲಿ ಎಂದು ಆ ತಾಯಿಗೆ ಹೇಳಿ ನಾನು ನೆಟ್ಟಗೆ ವರಾಂಡಕ್ಕೆ ಹೋದೆ. ನೋಟಿಸ್ ಬೋರ್ಡಿನ ಪಿನ್ನುಗಳನ್ನು ಕಿತ್ತು, ಲ್ಯಾಮಿನೇಷನ್ ಮಾಡಿಸಿದ್ದ ನನ್ನ 'ಮೌನ'ವನ್ನು ತಂದು ಕೋ-ಆರ್ಡಿನೇಟರ್ ಎದುರು ಇಟ್ಟೆ. "ಇದನ್ನು ಹಾಕಿ" ಎಂದೆ. "ಇದು ಮನುಷ್ಯರೇ ಬರೆದದ್ದು ಅಂತ ನಿಮಗೂ ಗೊತ್ತುಂಟು. ಅಳಿಸಿ ಬರೆದ ಕೈಬರಹದಲ್ಲೇ ನಿಮಗೆ ಕೊಟ್ಟದ್ದು. ನೋಡುವ, ನಿಮ್ಮ ಸಾಫ್ಟ್‌ವೇರ್ ಎಂತ ಹೇಳ್ತದೆ." ಟೈಪ್ ಮಾಡಿದ ಪ್ರತಿ ಅವರ ಲ್ಯಾಪ್‌ಟಾಪಿನಲ್ಲಿಯೇ ಇತ್ತು. ಹಾಕಿದರು. ಪರದೆಯ ಮೇಲೆ ಒಂದು ಚಕ್ರ ತಿರುಗಿತು, ನಿಂತಿತು. ಕೆಂಪು. ಅಫ್ರೀನಾಳದ್ದು ಕುಂಕುಮದ ಕೆಂಪಾದರೆ ನನ್ನದು ಬೆಂಕಿಯ ಕೆಂಪು. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಒಂದು ಅಕ್ಷರವನ್ನೂ ಅದು ಮನುಷ್ಯನ ಲೆಕ್ಕಕ್ಕೆ ಬಿಟ್ಟಿರಲಿಲ್ಲ.

ಸಂಚಾಲಕರು ಮೊದಲು ಕೆಮ್ಮಿದರು, ಆಮೇಲೆ ನಗು ತಡೆಯಲಾರದೆ ಕರವಸ್ತ್ರ ಹುಡುಕಿದರು. ನಕ್ಕು ಮುಗಿದ ಮೇಲೆ ಅವರಿಗೊಂದು ಕುತೂಹಲ ಹುಟ್ಟಿತು. "ಹಾಗಾದರೆ ವಾರ್ಷಿಕೋತ್ಸವದ ನನ್ನ ಇಂಗ್ಲಿಷ್ ಭಾಷಣವನ್ನೂ ಒಮ್ಮೆ ಹಾಕಿ ನೋಡುವ" ಎಂದರು. ಆ ಭಾಷಣವನ್ನು ಅವರಿಗೆ ಬರೆದುಕೊಟ್ಟವರು ಕೋ-ಆರ್ಡಿನೇಟರ್. ಅವರು ಹೇಗೆ ಬರೆದಿದ್ದರು ಎಂಬುದನ್ನು ಅವರ ಮುಖವೇ ಹೇಳಿತು. "ನೆಟ್ ಸ್ವಲ್ಪ ಸ್ಲೋ ಇದೆ ಸರ್" ಎಂದು ಲ್ಯಾಪ್‌ಟಾಪ್ ಮುಚ್ಚಿದರು. ಸಂಚಾಲಕರು ಅವರನ್ನೂ, ಮುಚ್ಚಿದ ಲ್ಯಾಪ್‌ಟಾಪನ್ನೂ ಒಮ್ಮೆ ನೋಡಿದರು. ಆಮೇಲೆ ಎದ್ದು ಬಂದು ಅಫ್ರೀನಾಳ ತಾಯಿಗೆ ಕೈಮುಗಿದು, "ನಮ್ಮದು ತಪ್ಪಾಯಿತು. ಮಗು ಇದೇ ಕ್ಲಾಸಿನಲ್ಲಿ ಇರ್ತಾಳೆ. ಈ ಕೆಂಪು ಹಸಿರು ಇನ್ನು ಬೇಡ" ಎಂದರು. ಆ ತಾಯಿ ಆಗ ನೀರು ಕುಡಿದರು.

ನಾನು ಗೆದ್ದಿದ್ದೆ. ಗೆದ್ದವರು ಹೇಗಿರುತ್ತಾರೋ ಹಾಗಿರಲು ಬಹಳ ಪ್ರಯತ್ನಪಟ್ಟೆ. ಆದರೆ ಬಸ್ಸಿನಲ್ಲಿ ಕೂತಾಗ ಆ ಬೆಂಕಿಯ ಕೆಂಪೇ ಕಣ್ಣೆದುರು. ಒಂದು ವಾರ ಅಳಿಸಿ ಬರೆದದ್ದು. ಒಂದು ಸಾಲನ್ನಾದರೂ ಬಿಡಬಾರದಿತ್ತೇ? ಅದು ಸುಳ್ಳು ಹೇಳುವ ಸಾಫ್ಟ್‌ವೇರ್ ಎಂದು ನಾನೇ ಎಲ್ಲರೆದುರು ಸಾಬೀತು ಮಾಡಿ ಬಂದಿದ್ದೆ. ಆದರೂ ಅದರ ಮಾತಿಗೆ ನನಗೆ ಬೇಜಾರಾಗುತ್ತಿತ್ತು. ಮರುದಿನ ತಡೆಯಲಾಗದೆ ಅಫ್ರೀನಾಳನ್ನು ಸ್ಟಾಫ್ ರೂಮಿಗೆ ಕರೆದು ಕೇಳಿದೆ. "ನನ್ನ ಮೌನದ ಪ್ರಬಂಧ ಓದಿದ್ದೀಯಲ್ಲ. ಹೇಗುಂಟು, ನಿಜ ಹೇಳು."

ಅವಳು ಬಾಗಿಲ ಕಡೆಗೊಮ್ಮೆ ನೋಡಿದಳು. "ಇಂಗ್ಲಿಷ್ ಒಳ್ಳೆಯದುಂಟು ಮೇಡಂ."

"ಮತ್ತೆ?"

"ಬೇಜಾರು ಮಾಡಬೇಡಿ ಮೇಡಂ. ಅದರಲ್ಲಿ ನೀವು ಯಾರ ಮೇಲೂ ಸಿಟ್ಟು ಮಾಡಿಕೊಂಡೇ ಇಲ್ಲ. ನೀವು ಬರೆದದ್ದು ಅಂತ ಅನ್ನಿಸುವುದೇ ಇಲ್ಲ. ಬಸ್ಸಿನ ಕಂಡಕ್ಟರಿಗೆ ಬೈದದ್ದನ್ನು ನೀವು ಕ್ಲಾಸಿನಲ್ಲಿ ಹೇಳ್ತೀರಲ್ಲ, ಅದು ಇದಕ್ಕಿಂತ ಎಷ್ಟೋ ಚೆಂದ ಉಂಟು."

ಇವಳಿಗಾಗಿ ನಾನು ಬೋರ್ಡಿನ ಪಿನ್ನು ಕಿತ್ತದ್ದೇ ಎಂದು ಉರಿದುಹೋಯಿತು. ಮನೆಗೆ ಹೋದವಳು ಚಹಾ ಸಹ ಮಾಡದೆ, ಆ ಉರಿಯಲ್ಲೇ ಹೊಸ ಮಾದರಿ ಪ್ರಬಂಧ ಬರೆಯಲು ಕೂತೆ. ಪೀಠಿಕೆಯಿಲ್ಲದೆ ನೇರ ಕಂಡಕ್ಟರನಿಂದಲೇ ಶುರುಮಾಡಿದೆ. ಚಿಲ್ಲರೆ ಕೊಡದಿರುವುದು, ನಿಲ್ಲುವ ಮೊದಲೇ ರೈಟ್ ಹೇಳುವುದು, ನನ್ನನ್ನು ಅಜ್ಜಿ ಎಂದು ಕರೆದದ್ದು, ಒಂದನ್ನೂ ಬಿಡಲಿಲ್ಲ. ಪೆನ್ನು ಎಲ್ಲಿಯೂ ನಿಲ್ಲಲಿಲ್ಲ, ಒಂದು ಶಬ್ದವನ್ನೂ ಅಳಿಸಬೇಕಾಗಲಿಲ್ಲ. ಗಂಡ ಅಂಗಡಿ ಮುಚ್ಚಿ ಬಂದ ಕೂಡಲೇ ಪೂರ್ತಿ ಓದಿ ಹೇಳಿದೆ. ಅವರು ಈ ಸಲ ನಡುವೆ ಎದ್ದು ಹೋಗದೆ, ಕೊನೆಯವರೆಗೂ ಕೇಳಿದರು. ಎರಡು ಕಡೆ ಜೋರಾಗಿ ನಕ್ಕರು.

"ಫಸ್ಟ್ ಕ್ಲಾಸ್ ಉಂಟು" ಎಂದರು. "ಆದರೆ ಇದನ್ನು ಬೋರ್ಡಿಗೆ ಹಾಕಬೇಡ ಮಾರಾಯ್ತಿ. ನಾಳೆ ನಿನಗೆ ಅದೇ ಬಸ್ಸಿನಲ್ಲಿ ಹೋಗಲಿಕ್ಕುಂಟು."